ಡೀಸೆಲ್ ವಾಹನ ಹಾಗೂ ಕೃಷಿ ಯಂತ್ರಗಳಲ್ಲಿ ಬಯೋಡೀಸೆಲ್: ಪಂಚವಟಿ ಪ್ರದೇಶದ ಪಾಠ



ಗೋದಾವರಿಯ ಎಡದಂಡೆಯಲ್ಲಿರುವ ಪಂಚವಟಿಗೆ ಐದು ವಟವೃಕ್ಷಗಳಿಂದ ಆ ಹೆಸರು ಬಂದಿತೆಂಬುದು ಪ್ರತೀತಿ. ನಾಸಿಕ್ ನಗರದ ಈ ಭಾಗವು ಯಾತ್ರಿಕರಿಗೆ ಎಷ್ಟು ಪರಿಚಿತವೋ ಸುತ್ತಲಿನ ಬೆಳೆಗಾರರಿಗೂ ಅಷ್ಟೇ ಪರಿಚಿತವಾಗಿದೆ. ನಾಸಿಕ್ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣವು ಪಂಚವಟಿಯಲ್ಲಿಯೇ ಇದೆ. ದಿಂಡೋರಿ, ನಿಫಾಡ್, ಸಿನ್ನರ್ ಕಡೆಗಳಿಂದ ತರಕಾರಿ ಹೊತ್ತ ಟ್ರ್ಯಾಕ್ಟರುಗಳೂ ಲಾರಿಗಳೂ ಅಲ್ಲಿಗೆ ಬರುತ್ತವೆ. ನಿಫಾಡ್ ತಾಲ್ಲೂಕಿನ ಲಾಸಲ್‌ಗಾಂವ್ ಈರುಳ್ಳಿ ವ್ಯಾಪಾರಕ್ಕೆ ದೇಶದಲ್ಲೆಲ್ಲ ಹೆಸರಾಗಿದೆ. ದ್ರಾಕ್ಷಿ ತೋಟಗಳಲ್ಲಿ ಔಷಧಿ ಸಿಂಪಡಿಸುವ ಯಂತ್ರವನ್ನು ಎಳೆಯುವುದು ಟ್ರ್ಯಾಕ್ಟರ್. ವಿದ್ಯುತ್ ಇಲ್ಲದಾಗ ನೀರೆತ್ತುವುದು ಡೀಸೆಲ್ ಪಂಪು. ಫಸಲನ್ನು ಪೇಟೆಗೆ ಮುಟ್ಟಿಸುವುದು ಡೀಸೆಲ್ ವಾಹನ. ಅದೇ ಗೋದಾವರಿ ಕೆಳಗೆ ಹರಿದು ಪೈಠಣದ ಜಾಯಕವಾಡಿ ಜಲಾಶಯವನ್ನು ಸೇರುವ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿಯೂ ಸ್ಥಿತಿ ಭಿನ್ನವಾಗಿಲ್ಲ. ಅಲ್ಲಿ ಮಳೆ ಕಡಿಮೆ. ಡೀಸೆಲ್ಲಿಗೆ ವ್ಯಯವಾಗುವ ಪ್ರತಿ ರೂಪಾಯಿಯೂ ರೈತನಿಗೆ ಭಾರವೇ.

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಆದ್ದರಿಂದ ಗಿಡಮರಗಳ ಬೀಜದಿಂದಲೋ ಬಳಸಿ ಉಳಿದ ಅಡುಗೆ ಎಣ್ಣೆಯಿಂದಲೋ ತಯಾರಾಗುವ ಬಯೋಡೀಸೆಲ್ ಕುರಿತು ಆಸಕ್ತಿ ಮೂಡುವುದು ಸಹಜ. ಆದರೆ ಈ ಇಂಧನದ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ರೈತನಿಗೆ ನಷ್ಟ ತಂದಿವೆ. ಎಣ್ಣೆಯೆಲ್ಲವೂ ಬಯೋಡೀಸೆಲ್ ಎಂದು ತಿಳಿಯುವುದು ಮೊದಲನೆಯದು. ಎಣ್ಣೆ ಬೀಜದ ಗಿಡವನ್ನು ಎಲ್ಲಿ ನೆಟ್ಟರೂ ಹಣ ಬರುತ್ತದೆ ಎಂದು ನಂಬುವುದು ಎರಡನೆಯದು. ಒಂದು ತಪ್ಪಿನಿಂದ ಎಂಜಿನ್ ಕೆಡುತ್ತದೆ; ಇನ್ನೊಂದರಿಂದ ಹೊಲ ಬರಿದಾಗುತ್ತದೆ. ಈ ಎರಡನೆಯ ಪಾಠವನ್ನು ದೇಶಕ್ಕೆ ಮೊದಲು ಕಲಿಸಿದ್ದು ನಾಸಿಕ್ ಪ್ರದೇಶವೇ ಎಂಬುದು ಗಮನಾರ್ಹ.

ಬಯೋಡೀಸೆಲ್ ಎಂದರೇನು?

ಡೀಸೆಲ್ ಎಂಜಿನ್ನಿಗೂ ಸಸ್ಯತೈಲಕ್ಕೂ ಇರುವ ನಂಟು ಹೊಸದಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ನಿರ್ಮಿಸಿದ ಎಂಜಿನ್ ಆಗ್ಸ್‌ಬರ್ಗ್ ನಗರದಲ್ಲಿ 1893ರ ಆಗಸ್ಟ್ 10ರಂದು ಮೊದಲ ಬಾರಿಗೆ ಪರೀಕ್ಷೆಗೆ ಒಳಪಟ್ಟಿತು. 1900ರ ಪ್ಯಾರಿಸ್ ವಸ್ತು ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಆಗಸ್ಟ್ 10ನ್ನು ಭಾರತದಲ್ಲಿ 2015ರಿಂದ ವಿಶ್ವ ಜೈವಿಕ ಇಂಧನ ದಿನವನ್ನಾಗಿ ಆಚರಿಸಲಾಗುತ್ತಿದೆ.

ಆದರೆ ಅಂದಿನ ಎಂಜಿನ್ನಿಗೂ ಇಂದಿನ ಎಂಜಿನ್ನಿಗೂ ಬಹಳ ಅಂತರವಿದೆ. ಇಂದಿನ ಎಂಜಿನ್ನಿನ ಇಂಧನ ಪಂಪು ಮತ್ತು ನಾಜಲ್‌ಗಳು ಅತಿ ಸೂಕ್ಷ್ಮವಾದ ಅಳತೆಗೆ ಸಿದ್ಧವಾದವು. ಡೀಸೆಲ್ ಅಲ್ಲಿಂದ ಮಂಜಿನಂತೆ ಚದುರಿ ಹೊರಬರಬೇಕು. ಸಸ್ಯತೈಲದ ಸ್ನಿಗ್ಧತೆ, ಅಂದರೆ ಮಂದತ್ವ, ಡೀಸೆಲ್ಲಿಗಿಂತ ಸುಮಾರು 10 ಪಟ್ಟು ಹೆಚ್ಚು. ಹೀಗಾಗಿ ಅದು ಮಂಜಾಗಿ ಚದುರದೆ ಹನಿಹನಿಯಾಗಿ ಬೀಳುತ್ತದೆ ಮತ್ತು ಪೂರ್ಣವಾಗಿ ಉರಿಯುವುದಿಲ್ಲ. ನಾಜಲ್ಲಿನ ತುದಿಯಲ್ಲಿ ಮಸಿ ಕಟ್ಟುತ್ತದೆ. ಪಿಸ್ಟನ್ನಿನ ರಿಂಗುಗಳು ಅಂಟಿಕೊಳ್ಳುತ್ತವೆ. ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲ್ಲನ್ನು ಗಟ್ಟಿಯಾಗಿಸುತ್ತದೆ. ಮೊದಲ ಕೆಲವು ದಿನ ಟ್ರ್ಯಾಕ್ಟರ್ ಚೆನ್ನಾಗಿಯೇ ಓಡುವುದರಿಂದ ಈ ಹಾನಿ ರೈತನ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬರುವ ಹೊತ್ತಿಗೆ ದುರಸ್ತಿಯ ಖರ್ಚು ಉಳಿತಾಯವನ್ನು ಮೀರಿರುತ್ತದೆ.

ಎಣ್ಣೆಯ ಈ ಮಂದತ್ವವನ್ನು ರಾಸಾಯನಿಕ ಕ್ರಿಯೆಯಿಂದ ಇಳಿಸಿದಾಗ ದೊರೆಯುವುದೇ ಬಯೋಡೀಸೆಲ್. ಎಣ್ಣೆಯ ಪ್ರತಿಯೊಂದು ಅಣುವಿನಲ್ಲಿ ಗ್ಲಿಸರಿನ್ನಿಗೆ ಮೂರು ಕೊಬ್ಬಿನಾಮ್ಲಗಳು ಜೋಡಿಕೊಂಡಿರುತ್ತವೆ. ಎಣ್ಣೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಾಸ್ಟಿಕ್ ಸೋಡಾದಂತಹ ಕ್ಷಾರದ ನೆರವಿನಿಂದ ಮೆಥನಾಲ್ ಎಂಬ ಮದ್ಯಸಾರದೊಡನೆ ಬೆರೆಸಿದರೆ ಗ್ಲಿಸರಿನ್ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಮೇಲೆ ತೇಲುವ ತಿಳಿಯಾದ ದ್ರವವನ್ನು ತೊಳೆದು ನೀರಿನಂಶ ತೆಗೆದರೆ ಬಯೋಡೀಸೆಲ್ ಸಿದ್ಧವಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ 100 ಕಿ.ಗ್ರಾಂ. ಎಣ್ಣೆ ಮತ್ತು 10 ಕಿ.ಗ್ರಾಂ. ಮೆಥನಾಲ್‌ನಿಂದ 100 ಕಿ.ಗ್ರಾಂ. ಬಯೋಡೀಸೆಲ್ ಹಾಗೂ 10 ಕಿ.ಗ್ರಾಂ. ಗ್ಲಿಸರಿನ್ ದೊರೆಯುತ್ತವೆ. ಹಳೆಯ ಬೀಜದ ಎಣ್ಣೆಯಲ್ಲಿಯೂ ಹಲವು ಬಾರಿ ಕರಿದ ಎಣ್ಣೆಯಲ್ಲಿಯೂ ಆಮ್ಲಾಂಶ ಹೆಚ್ಚಿರುತ್ತದೆ. ಅಂತಹ ಎಣ್ಣೆಯನ್ನು ಮೊದಲು ಆಮ್ಲದಿಂದ ಸಂಸ್ಕರಿಸದಿದ್ದರೆ ಬಯೋಡೀಸೆಲ್ಲಿಗೆ ಬದಲಾಗಿ ಸಾಬೂನು ಉಂಟಾಗುತ್ತದೆ.

ಈ ವಿವರಣೆಯಿಂದ ಕೆಲಸ ಸುಲಭವೆಂದು ತೋರಬಹುದು. ಆದರೆ ಮೆಥನಾಲ್ ವಿಷಕಾರಿ. ಅದು ಕಣ್ಣಿಗೆ ಕಾಣದಂತಹ ಜ್ವಾಲೆಯಿಂದ ಉರಿಯುತ್ತದೆ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಆದ್ದರಿಂದ ಮನೆಯಲ್ಲಿಯೋ ದನದ ಕೊಟ್ಟಿಗೆಯಲ್ಲಿಯೋ ಈ ತಯಾರಿಕೆಗೆ ಕೈಹಾಕುವುದು ಸರ್ವಥಾ ಸಲ್ಲದು. ತರಬೇತಿ ಪಡೆದವರು, ಪರವಾನಗಿ ಇರುವ ಘಟಕದಲ್ಲಿ ಮಾಡಬೇಕಾದ ಕೆಲಸ ಇದು.

ನೇರ ಎಣ್ಣೆ ಬಳಸಬಹುದಾದ ಸಂದರ್ಭ

ನೇರ ಎಣ್ಣೆಯಿಂದ ಎಂಜಿನ್ ಓಡಿಸಿದ ಉದಾಹರಣೆಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯ ವರ್ಷಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸುವ ಪ್ರಯೋಗ ಕೈಗೊಂಡರು. ಕರ್ನಾಟಕದ ಕಗ್ಗನಹಳ್ಳಿಯಲ್ಲಿ ಇಂತಹ ಜನರೇಟರಿನ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರನ್ನು ಹೊಲಗಳಿಗೆ ಹರಿಸಲಾಯಿತು. ಒಂದೇ ಕಡೆ ನಿಂತು, ಒಂದೇ ವೇಗದಲ್ಲಿ, ಒಂದೇ ಹೊರೆ ಹೊತ್ತು ದುಡಿಯುವ ಎಂಜಿನ್, ಚೆನ್ನಾಗಿ ಸೋಸಿದ ಎಣ್ಣೆ, ಬಳಿಯಲ್ಲಿಯೇ ಇರುವ ತಿಳಿದ ತಂತ್ರಜ್ಞ — ಇಂತಹ ಅನುಕೂಲಗಳಿದ್ದಾಗ ಆ ಕೆಲಸ ಸಾಧ್ಯವಾಗುತ್ತದೆ. ಹೊಲದಲ್ಲಿ ಗಳಿಗೆಗೊಮ್ಮೆ ವೇಗ ಬದಲಿಸುವ, ಆಗಾಗ ನಿಂತು ತಣ್ಣಗಾಗುವ ಟ್ರ್ಯಾಕ್ಟರಿಗೂ ರಸ್ತೆಯಲ್ಲಿ ಓಡುವ ವಾಹನಕ್ಕೂ ಆ ಅನುಭವವನ್ನು ನೇರವಾಗಿ ಅನ್ವಯಿಸಲಾಗದು. ಟ್ರ್ಯಾಕ್ಟರಿಗೆ ಎಣ್ಣೆ ಸಲ್ಲದು; ಮಾನಕಕ್ಕೆ ಅನುಗುಣವಾದ ಬಯೋಡೀಸೆಲ್ ಸಲ್ಲುತ್ತದೆ.

ಎಂಜಿನ್ನಿನಲ್ಲಿ ಗುಣ ಮತ್ತು ಮಿತಿ

ಬಯೋಡೀಸೆಲ್ಲನ್ನು ಸಾಮಾನ್ಯವಾಗಿ ಡೀಸೆಲ್ಲಿನೊಡನೆ ಬೆರೆಸಿ ಬಳಸುತ್ತಾರೆ. ಬಿ-5 ಎಂದರೆ ನೂರರಲ್ಲಿ 5 ಪಾಲು, ಬಿ-20 ಎಂದರೆ 20 ಪಾಲು ಬಯೋಡೀಸೆಲ್. ಬೆರಕೆಯಿಲ್ಲದ ಬಯೋಡೀಸೆಲ್ಲಿಗೆ ಬಿ-100 ಎನ್ನುತ್ತಾರೆ. ದೆಹಲಿ ಮತ್ತು ಅಮೃತಸರಗಳ ನಡುವಿನ ಶತಾಬ್ದಿ ರೈಲನ್ನು 2002ರ ಡಿಸೆಂಬರ್ 31ರಂದು ಶೇ. 5ರ ಮಿಶ್ರಣದಿಂದ ಓಡಿಸಿ ಭಾರತೀಯ ರೈಲ್ವೆಯು ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಟ್ಟಿತು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2010ರ ದಶಕದಲ್ಲಿ ಶೇ. 20ರ ಮಿಶ್ರಣದಿಂದ ಬಸ್ಸುಗಳನ್ನು ಓಡಿಸಿದೆ.

ಬಯೋಡೀಸೆಲ್ಲಿನ ತೂಕದಲ್ಲಿ ಸುಮಾರು ಶೇ. 11ರಷ್ಟು ಆಮ್ಲಜನಕವಿದೆ. ಆದ್ದರಿಂದ ಇಂಧನ ಹೆಚ್ಚು ಪೂರ್ಣವಾಗಿ ಉರಿದು ಹೊಗೆ ಕಡಿಮೆಯಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹಲವು ಪರೀಕ್ಷೆಗಳ ಫಲವನ್ನು ಕ್ರೋಡೀಕರಿಸಿದಾಗ, ಶೇ. 20ರ ಮಿಶ್ರಣದಿಂದ ಹೊಗೆಯ ಕಣಗಳು ಸುಮಾರು ಶೇ. 10, ಇಂಗಾಲದ ಮಾನಾಕ್ಸೈಡ್ ಸುಮಾರು ಶೇ. 11, ಉರಿಯದ ಹೈಡ್ರೋಕಾರ್ಬನ್‌ಗಳು ಸುಮಾರು ಶೇ. 21ರಷ್ಟು ಇಳಿದುದು ಕಂಡುಬಂದಿತು. ಸಾರಜನಕದ ಆಕ್ಸೈಡುಗಳು ಮಾತ್ರ ಸುಮಾರು ಶೇ. 2ರಷ್ಟು ಏರಿದವು. ಬಯೋಡೀಸೆಲ್ಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಅಲ್ಪ. ಗಂಧಕ ತೆಗೆದ ಡೀಸೆಲ್ಲಿನಲ್ಲಿ ನಯಗಾರಿಕೆಯ ಗುಣ ತಗ್ಗಿರುತ್ತದೆ. ಸ್ವಲ್ಪವೇ ಬಯೋಡೀಸೆಲ್ ಬೆರೆಸಿದರೂ ಆ ಗುಣ ಮರಳಿ ಬರುವುದರಿಂದ ಪಂಪಿನ ಸವೆತ ಕಡಿಮೆಯಾಗುತ್ತದೆ.

ಇನ್ನು ಮಿತಿಗಳನ್ನೂ ತಿಳಿದಿರಬೇಕು. ಒಂದು ಲೀಟರ್ ಬಯೋಡೀಸೆಲ್ಲಿನಲ್ಲಿ ಅಷ್ಟೇ ಡೀಸೆಲ್ಲಿಗಿಂತ ಶಕ್ತಿ ಸುಮಾರು ಶೇ. 8ರಿಂದ 10ರಷ್ಟು ಕಡಿಮೆ. ಶೇ. 20ರ ಮಿಶ್ರಣದಲ್ಲಿ ಈ ವ್ಯತ್ಯಾಸ ಶೇ. 2ರ ಆಸುಪಾಸಿಗೆ ಇಳಿಯುವುದರಿಂದ ಹೊಲದ ಕೆಲಸದಲ್ಲಿ ಅದು ಅಷ್ಟಾಗಿ ಅರಿವಿಗೆ ಬಾರದು. ಆದರೆ ಬೆಲೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡೀಸೆಲ್ಲಿನಷ್ಟೇ ಬೆಲೆಗೆ ದೊರೆಯುವ ಬಯೋಡೀಸೆಲ್ ನಿಜದಲ್ಲಿ ಡೀಸೆಲ್ಲಿಗಿಂತ ಸ್ವಲ್ಪ ದುಬಾರಿ.

ಬಯೋಡೀಸೆಲ್ ಒಂದು ಒಳ್ಳೆಯ ದ್ರಾವಕವೂ ಹೌದು. ಹಳೆಯ ಟ್ಯಾಂಕಿನ ತಳದಲ್ಲಿಯೂ ಕೊಳವೆಗಳಲ್ಲಿಯೂ ವರ್ಷಗಳಿಂದ ಕಟ್ಟಿದ ಜಿಡ್ಡನ್ನು ಅದು ಕರಗಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಹೊಸ ಇಂಧನ ಹಾಕಿದ ಕೆಲವೇ ದಿನಗಳಲ್ಲಿ ಟ್ರ್ಯಾಕ್ಟರ್ ನಿಂತರೆ ಬಹುಮಟ್ಟಿಗೆ ಕಾರಣ ಇದೇ. ದ್ರಾಕ್ಷಿ ಬೆಳೆಗಾರನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಅಕಾಲಿಕ ಮಳೆ ಬಿದ್ದ ಮರುದಿನ ಬೂಜು ರೋಗಕ್ಕೆ ಔಷಧಿ ಸಿಂಪಡಿಸಬೇಕಾದ ಹೊತ್ತಿನಲ್ಲಿ ಟ್ರ್ಯಾಕ್ಟರ್ ಎರಡು ದಿನ ನಿಂತರೆ ಇಡೀ ವರ್ಷದ ಫಸಲಿಗೇ ಕುತ್ತು ಬರಬಹುದು. ಆದ್ದರಿಂದ ಹೊಸ ಇಂಧನದ ಪ್ರಯೋಗವನ್ನು ಸಿಂಪಡಣೆಯ ಕಾಲದಲ್ಲಿ ಆರಂಭಿಸದೆ ಬಿಡುವಿನ ಕಾಲದಲ್ಲಿ ಆರಂಭಿಸುವುದು ವಿವೇಕ.

ಬಳಸುವ ಕ್ರಮ

ಮೊದಲನೆಯದಾಗಿ, ಯಂತ್ರದ ಕೈಪಿಡಿಯನ್ನು ನೋಡಬೇಕು. ಎಷ್ಟು ಪಾಲಿನ ಮಿಶ್ರಣಕ್ಕೆ ತಯಾರಕರ ಒಪ್ಪಿಗೆಯಿದೆ ಎಂಬುದನ್ನು ವಿತರಕರಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು. ಒಪ್ಪಿಗೆಗಿಂತ ಹೆಚ್ಚು ಪಾಲು ಬಳಸಿದರೆ ಖಾತರಿ ಅವಧಿಯ ಹಕ್ಕಿಗೆ ಬಾಧಕವಾಗಬಹುದು.

ಎರಡನೆಯದಾಗಿ, ಹಳೆಯ ಯಂತ್ರವಾದರೆ ಟ್ಯಾಂಕನ್ನು ಬರಿದುಮಾಡಿ ಶುಚಿಗೊಳಿಸಬೇಕು. ಶೇ. 5ರಿಂದ ಆರಂಭಿಸಿ, ತೊಂದರೆ ಕಾಣದಿದ್ದರೆ ಒಪ್ಪಿಗೆ ಇರುವ ಪ್ರಮಾಣದವರೆಗೆ ಕ್ರಮೇಣ ಏರಿಸಬೇಕು. ಒಂದು ಹೆಚ್ಚುವರಿ ಫಿಲ್ಟರನ್ನು ಮೊದಲೇ ಕೊಂಡಿಟ್ಟುಕೊಂಡು, ಮೊದಲ ಕೆಲವು ಟ್ಯಾಂಕುಗಳ ನಂತರ ಬದಲಿಸಬೇಕು.

ಮೂರನೆಯದಾಗಿ, ಇಂಧನ ಸಾಗುವ ರಬ್ಬರ್ ಕೊಳವೆಗಳನ್ನು ಗಮನಿಸುತ್ತಿರಬೇಕು. ಸಾಮಾನ್ಯ ರಬ್ಬರು ಬಯೋಡೀಸೆಲ್ಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಕೊಳವೆ ಒಸರಿದರೆ ಫ್ಲೂರಿನ್‌ಯುಕ್ತ ರಬ್ಬರಿನ ಕೊಳವೆ ಹಾಕಿಸಬೇಕು. ತಾಮ್ರ, ಹಿತ್ತಾಳೆ, ಸತುವಿನ ಪಾತ್ರೆಗಳಲ್ಲಿ ಬಯೋಡೀಸೆಲ್ ಬೇಗ ಕೆಡುವುದರಿಂದ ಅದನ್ನು ಉಕ್ಕು ಅಥವಾ ತಕ್ಕ ಪ್ಲಾಸ್ಟಿಕ್ ಡಬ್ಬಗಳಲ್ಲಿ ಇಡಬೇಕು.

ನಾಲ್ಕನೆಯದಾಗಿ, ದಾಸ್ತಾನು ಹೆಚ್ಚು ಕಾಲ ಇರಬಾರದು. ಬಯೋಡೀಸೆಲ್ ಗಾಳಿ, ಬಿಸಿಲು ಮತ್ತು ನೀರಿನ ಸಂಪರ್ಕದಿಂದ ಹುಳಿಯುತ್ತದೆ. ಅದನ್ನು ನೆರಳಿನಲ್ಲಿ, ಮುಚ್ಚಿದ ತುಂಬು ಪಾತ್ರೆಯಲ್ಲಿ ಇಟ್ಟು ಆರು ತಿಂಗಳೊಳಗೆ ಬಳಸಿ ಮುಗಿಸಬೇಕು. ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವ ಪಂಪು, ಒಕ್ಕಣೆ ಯಂತ್ರ ಮುಂತಾದವನ್ನು ಎತ್ತಿಡುವ ಮುನ್ನ ಕೊನೆಯ ಟ್ಯಾಂಕನ್ನು ಬರಿಯ ಡೀಸೆಲ್ಲಿನಿಂದ ಓಡಿಸಿ ನಿಲ್ಲಿಸುವುದು ಕ್ಷೇಮ.

ಐದನೆಯದಾಗಿ, ಚಳಿಯನ್ನು ಮರೆಯಬಾರದು. ನಿಫಾಡ್ ಭಾಗದಲ್ಲಿ ಚಳಿಗಾಲದ ಬೆಳಗಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ತಾಳೆ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಅದಕ್ಕೂ ಮೊದಲೇ ಮಬ್ಬಾಗಿ ಹೆಪ್ಪುಗಟ್ಟತೊಡಗುತ್ತದೆ. ಅಂತಹ ದಿನಗಳಲ್ಲಿ ಬಯೋಡೀಸೆಲ್ಲಿನ ಪಾಲನ್ನು ತಗ್ಗಿಸಬೇಕು.

ಹೊಸ ವಾಹನಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮಗಳ ಪ್ರಕಾರ ತಯಾರಾದ ಡೀಸೆಲ್ ವಾಹನಗಳಲ್ಲಿ ಹೊಗೆಯ ಕಣಗಳನ್ನು ಹಿಡಿದಿಡುವ ಸಾಧನವಿರುತ್ತದೆ. ಆ ಸಾಧನವನ್ನು ಶುಚಿಗೊಳಿಸಲು ಎಂಜಿನ್ ಆಗಾಗ ಹೆಚ್ಚು ಇಂಧನವನ್ನು ಚಿಮ್ಮಿಸುತ್ತದೆ. ಬಯೋಡೀಸೆಲ್ ಬೇಗ ಆವಿಯಾಗದೆ ಎಂಜಿನ್ ಆಯಿಲ್ಲಿಗೆ ಇಳಿದು ಅದನ್ನು ತೆಳುವಾಗಿಸುವ ಸಂಭವವಿದೆ. ಈ ಕಾರಣದಿಂದ ಹಲವು ತಯಾರಕರು ಶೇ. 7ಕ್ಕಿಂತ ಹೆಚ್ಚು ಪಾಲನ್ನು ಒಪ್ಪುವುದಿಲ್ಲ.

ಕೊಳ್ಳುವಾಗ

ಭಾರತೀಯ ಮಾನಕ ಬ್ಯೂರೋ 2005ರಲ್ಲಿ ಶುದ್ಧ ಬಯೋಡೀಸೆಲ್ಲಿಗೆ ಐ.ಎಸ್. 15607 ಎಂಬ ಮಾನಕವನ್ನು ಹೊರತಂದು ನಂತರ ಪರಿಷ್ಕರಿಸಿದೆ. ಶೇ. 20ರವರೆಗಿನ ಮಿಶ್ರಣಗಳಿಗೆ ಐ.ಎಸ್. 16531 ಎಂಬ ಪ್ರತ್ಯೇಕ ಮಾನಕವಿದೆ. ಬಯೋಡೀಸೆಲ್ ಮಾರಾಟಕ್ಕೆ ಕೇಂದ್ರ ಸರ್ಕಾರ 2019ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಡೀಸೆಲ್ಲಿಗೆ ಬೆರೆಸಲು ಮಾರುವ ಇಂಧನ ಮಾನಕಕ್ಕೆ ಅನುಗುಣವಾದ ಶುದ್ಧ ಬಯೋಡೀಸೆಲ್ ಆಗಿರಬೇಕು. ಮಾರುವವರು ನಿಯಮದಂತೆ ನೋಂದಣಿ ಮತ್ತು ಪರವಾನಗಿ ಪಡೆದಿರಬೇಕು.

ಈ ನಿಯಮಗಳಿಗೆ ಕಾರಣವಿದೆ. ಬಯೋಡೀಸೆಲ್ ಎಂಬ ಫಲಕದಡಿ ಅಗ್ಗದ ಕೈಗಾರಿಕಾ ದ್ರವಗಳನ್ನು ಮಾರಿದ ಪ್ರಕರಣಗಳು ಮಹಾರಾಷ್ಟ್ರದಲ್ಲಿಯೂ ಗುಜರಾತಿನಲ್ಲಿಯೂ ಬೆಳಕಿಗೆ ಬಂದಿವೆ. ಡೀಸೆಲ್ಲಿಗಿಂತ ಬಹಳ ಕಡಿಮೆ ಬೆಲೆಗೆ ಹೆದ್ದಾರಿ ಬದಿಯಲ್ಲಿ ದೊರೆಯುವ ದ್ರವವನ್ನು ಸಂಶಯದಿಂದಲೇ ನೋಡಬೇಕು. ರಸೀದಿ ಮತ್ತು ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಗ್ರಾಹಕನ ಹಕ್ಕು. ಸ್ಥೂಲ ಪರೀಕ್ಷೆಯೊಂದನ್ನು ರೈತನೇ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಸಮಪಾಲು ಬಯೋಡೀಸೆಲ್ ಮತ್ತು ನೀರು ಹಾಕಿ ಚೆನ್ನಾಗಿ ಕುಲುಕಿ ಅರ್ಧ ಗಂಟೆ ಬಿಡಬೇಕು. ಒಳ್ಳೆಯ ಬಯೋಡೀಸೆಲ್ ಮೇಲೆ ತೇಲಿ, ಕೆಳಗಿನ ನೀರು ತಿಳಿಯಾಗಿರುತ್ತದೆ. ನಡುವೆ ಬಿಳಿಯ ಮೊಸರಿನಂತಹ ಪದರ ನಿಂತರೆ ಸಾಬೂನಿನ ಅಂಶ ಉಳಿದಿದೆ ಎಂದರ್ಥ. ಈ ಪರೀಕ್ಷೆಯಿಂದ ಕಳಪೆ ತಯಾರಿಕೆ ತಿಳಿಯಬಹುದೇ ಹೊರತು ಎಲ್ಲ ಕಲಬೆರಕೆಯೂ ತಿಳಿಯದು. ಆದ್ದರಿಂದ ಇದು ಪ್ರಯೋಗಶಾಲೆಯ ಪರೀಕ್ಷೆಗೆ ಬದಲಿಯಲ್ಲ.

ನಾಸಿಕ್ ಕಲಿಸಿದ ಪಾಠ

ಇಂಧನದ ಬಳಕೆ ಹೀಗಾದರೆ, ಅದಕ್ಕೆ ಬೇಕಾದ ಎಣ್ಣೆ ಎಲ್ಲಿಂದ ಬರಬೇಕು ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ದೊಡ್ಡ ಪ್ರಯತ್ನವೊಂದು ನಾಸಿಕ್‌ನಲ್ಲಿ ನಡೆಯಿತು. ರಾಜ್ಯದ ಮಾಜಿ ಸಚಿವರೂ ಕೃಷಿ ಅರಣ್ಯದ ಪ್ರವರ್ತಕರೂ ಆಗಿದ್ದ ವಿನಾಯಕರಾವ್ ಪಾಟೀಲ್ ಅವರ ನೇತೃತ್ವದಲ್ಲಿ ನಾಸಿಕ್‌ನ ಕೃಷಿ ಅರಣ್ಯ ಒಕ್ಕೂಟವು 1986ರಲ್ಲಿ ಕಾಡುಹರಳು, ಅಂದರೆ ಜಟ್ರೋಫಾ, ನೆಡುವ ಕಾರ್ಯವನ್ನು ಕೈಗೊಂಡಿತು. ಗಿಡ ಬರವನ್ನು ತಾಳುತ್ತದೆ, ದನಕರು ಮುಟ್ಟುವುದಿಲ್ಲ, ಬೀಜದಲ್ಲಿ ಮೂರನೇ ಒಂದು ಪಾಲು ಎಣ್ಣೆಯಿದೆ — ಈ ಗುಣಗಳು ಭರವಸೆ ಮೂಡಿಸಿದವು. ಸಾವಿರಾರು ಹೆಕ್ಟೇರ್ ಭೂಮಿಯಲ್ಲಿ ಗಿಡಗಳು ನೆಲಕ್ಕಿಳಿದವು. ಈ ಬೆಳೆಯ ಕುರಿತು ಒಕ್ಕೂಟವು 1991ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿತು. ದೇಶದಲ್ಲಿ ಬಯೋಡೀಸೆಲ್ಲಿನ ಮಾತು ಬಹುಮಂದಿಗೆ ಕೇಳಿಸುವ ಮೊದಲೇ ನಾಸಿಕ್‌ನ ರೈತ ಈ ಪ್ರಯೋಗಕ್ಕೆ ತನ್ನ ಭೂಮಿಯನ್ನು ಒಡ್ಡಿದ್ದನು.

ಆದರೆ ನಿರೀಕ್ಷಿಸಿದ ಇಳುವರಿ ಬರಲಿಲ್ಲ. ಬರವನ್ನು ತಾಳಿ ಬದುಕುವುದು ಬೇರೆ, ಬರದಲ್ಲಿ ಫಲ ಕೊಡುವುದು ಬೇರೆ. ಕಾಡುಹರಳು ಒಣಭೂಮಿಯಲ್ಲಿ ಸಾಯುವುದಿಲ್ಲ. ಆದರೆ ನೀರು ಗೊಬ್ಬರವಿಲ್ಲದೆ ಹೆಚ್ಚು ಬೀಜವನ್ನೂ ಕೊಡುವುದಿಲ್ಲ. ಕಾಡಿನಿಂದ ಆಯ್ದ ಬೀಜದ ಗಿಡಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಕಾಯಿಗಳು ಒಮ್ಮೆಗೇ ಮಾಗದ ಕಾರಣ ಮತ್ತೆ ಮತ್ತೆ ಬಿಡಿಸಬೇಕು. ಬಿಡಿಸುವ ಕೂಲಿ ಬೀಜದ ಬೆಲೆಯನ್ನೇ ನುಂಗುತ್ತದೆ. ಬೀಜ ಮತ್ತು ಹಿಂಡಿ ಎರಡೂ ವಿಷಕಾರಿಯಾದುದರಿಂದ ದನಕ್ಕೆ ಮೇವಾಗಿಯೂ ಒದಗುವುದಿಲ್ಲ. ಮಕ್ಕಳು ಬೀಜ ತಿಂದು ಅಸ್ವಸ್ಥರಾಗುವ ಅಪಾಯವೂ ಇದೆ. ಕಾಲಕ್ರಮದಲ್ಲಿ ರೈತರು ಗಿಡವನ್ನು ಕೈಬಿಟ್ಟರು.

ಈ ಅನುಭವ ಮುಂದಿನ ಯೋಜನೆಗಳಿಗೆ ಸಾಕಷ್ಟು ಎಚ್ಚರಿಕೆಯಾಗಲಿಲ್ಲ ಎಂದೇ ಹೇಳಬೇಕು. ಯೋಜನಾ ಆಯೋಗದ ಸಮಿತಿಯೊಂದು 2003ರ ವರದಿಯಲ್ಲಿ ಕಾಡುಹರಳಿನ ವಿಸ್ತಾರವಾದ ಬೇಸಾಯವನ್ನೇ ನೆಚ್ಚಿಕೊಂಡು ಡೀಸೆಲ್ಲಿಗೆ ಶೇ. 20ರಷ್ಟು ಬಯೋಡೀಸೆಲ್ ಬೆರೆಸುವ ಗುರಿಯನ್ನು ಸೂಚಿಸಿತು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಅದೇ ಶೇ. 20ನ್ನು 2017ರ ಗುರಿಯಾಗಿ ಇರಿಸಿತು. ಗುರಿ ಕೈಗೂಡಲಿಲ್ಲ. 2018ರ ನೀತಿಯು 2030ರ ವೇಳೆಗೆ ಶೇ. 5 ಎಂಬ ಹೆಚ್ಚು ವಾಸ್ತವಿಕವಾದ ಗುರಿಯನ್ನಿಟ್ಟು, ಬಳಸಿದ ಅಡುಗೆ ಎಣ್ಣೆ ಮತ್ತು ಆಹಾರಕ್ಕೆ ಒದಗದ ಎಣ್ಣೆಬೀಜಗಳಿಗೆ ಒತ್ತು ನೀಡಿತು. 2024ರವರೆಗೂ ದೇಶದಲ್ಲಿ ಬೆರೆತ ಪಾಲು ಶೇ. 1ನ್ನು ಮುಟ್ಟಿರಲಿಲ್ಲ.

ಬದುವಿನ ಮರ

ಹಾಗಾದರೆ ಎಣ್ಣೆಬೀಜದ ಮರಗಳ ಆಸೆಯನ್ನೇ ಬಿಡಬೇಕೆ? ಹಾಗೇನೂ ಇಲ್ಲ. ಮರಾಠಿಯಲ್ಲಿ ಕರಂಜ ಎನ್ನುವ ಮರವೇ ಕನ್ನಡದ ಹೊಂಗೆ. ನಾಸಿಕ್, ಸಂಭಾಜಿನಗರಗಳ ರಸ್ತೆಬದಿಯಲ್ಲಿಯೂ ಹಳ್ಳದ ದಂಡೆಯಲ್ಲಿಯೂ ಅದು ಬೆಳೆದಿದೆ. ಈ ಮರವನ್ನು ಕುರಿತು ಕರ್ನಾಟಕದ ಹಾಸನ ಜಿಲ್ಲೆಯಲ್ಲಿ ಬೇರೊಂದು ಬಗೆಯ ಪ್ರಯತ್ನ ನಡೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರಾಜ್ಯ ಸರ್ಕಾರದ ನೆರವಿನಿಂದ ಹಾಸನದ ಬಳಿಯ ಮಡೆನೂರಿನಲ್ಲಿ 2007ರಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿತು. 2009ರಲ್ಲಿ ರಾಜ್ಯವು ತನ್ನದೇ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿ, ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಕಾರ್ಯಕ್ರಮಗಳನ್ನು ರೂಪಿಸಿತು.

ಈ ಮಾದರಿಯಲ್ಲಿ ರೈತನು ಬೆಳೆ ತೆಗೆಯುವ ಭೂಮಿಯನ್ನು ಬಿಟ್ಟುಕೊಡಬೇಕಿಲ್ಲ. ಬದು, ಬೇಲಿ, ಹಿತ್ತಿಲು ಮತ್ತು ಬರಡು ಅಂಚಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸುರಹೊನ್ನೆ, ಸೀಮರೂಬಗಳನ್ನು ಬೆರಕೆಯಾಗಿ ನೆಡಲಾಗುತ್ತದೆ. ಒಂದು ಮರ ಕೈಕೊಟ್ಟರೂ ಇನ್ನೊಂದು ಇರುತ್ತದೆ. ಮರಗಳು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಬೀಜ ಕೊಡುತ್ತವೆ. ಬೀಜ ಆಯುವ ಕೆಲಸದಿಂದ ಗ್ರಾಮದ ಮಹಿಳೆಯರಿಗೆ ಬಿಡುವಿನ ಕಾಲದ ಸಂಪಾದನೆ ದೊರೆಯುತ್ತದೆ. ಹೊಂಗೆಯ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಸೊಪ್ಪು ಹಸಿರೆಲೆ ಗೊಬ್ಬರವಾಗುತ್ತದೆ, ಹಿಂಡಿಯಲ್ಲಿ ಸುಮಾರು ಶೇ. 4ರಷ್ಟು ಸಾರಜನಕವಿದೆ. ಬಯೋಡೀಸೆಲ್ಲಿಗೆ ಬೆಲೆ ಬಾರದ ವರ್ಷದಲ್ಲಿಯೂ ಮರ ವ್ಯರ್ಥವಾಗುವುದಿಲ್ಲ. ನಾಸಿಕ್‌ನ ಪ್ರಯೋಗಕ್ಕೂ ಹಾಸನದ ಪ್ರಯೋಗಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಲೆಕ್ಕವೊಂದನ್ನು ಇಲ್ಲಿ ನೋಡಬಹುದು. ಟ್ರ್ಯಾಕ್ಟರೊಂದು ಗಂಟೆಗೆ 4 ಲೀಟರ್ ಇಂಧನ ಬಳಸುತ್ತದೆ, ವರ್ಷಕ್ಕೆ 100 ಗಂಟೆ ದುಡಿಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 400 ಲೀಟರ್ ಬೇಕು. ಶೇ. 20ರ ಮಿಶ್ರಣಕ್ಕೆ 80 ಲೀಟರ್ ಬಯೋಡೀಸೆಲ್ ಸಾಕು. ಗಾಣದಲ್ಲಿ ಹೊಂಗೆ ಬೀಜದ ನಾಲ್ಕನೇ ಒಂದು ಪಾಲು ಎಣ್ಣೆ ದೊರೆತರೆ ಇದಕ್ಕೆ ಸುಮಾರು 300 ಕಿ.ಗ್ರಾಂ. ಬೀಜ ಬೇಕಾಗುತ್ತದೆ. ಬೆಳೆದ ಮರ ವರ್ಷಕ್ಕೆ 20 ಕಿ.ಗ್ರಾಂ. ಬೀಜ ಕೊಡುವುದಾದರೆ 15 ಮರಗಳು ಸಾಕು, 200 ಕಿ.ಗ್ರಾಂ.ಗೂ ಹೆಚ್ಚು ಹಿಂಡಿ ಗೊಬ್ಬರಕ್ಕೆ ಉಳಿಯುತ್ತದೆ. ಆದರೆ ಹೊಂಗೆ ಫಲ ಕೊಡಲು ನಾಲ್ಕರಿಂದ ಏಳು ವರ್ಷ ಬೇಕು ಮತ್ತು ಇಳುವರಿ ಮರದಿಂದ ಮರಕ್ಕೆ ಬಹಳ ಭಿನ್ನವಾಗುತ್ತದೆ. ಹೆಚ್ಚು ಫಲ ಕೊಡುವ ಮರದಿಂದ ಕಸಿ ಮಾಡಿದ ಸಸಿಗಳನ್ನೇ ಆರಿಸಬೇಕು. ಒಬ್ಬ ರೈತನ 80 ಲೀಟರಿಗೆ ಘಟಕ ನಡೆಯದು. ಹಲವು ಗ್ರಾಮಗಳ ಬೆಳೆಗಾರರು ಸಂಘ ಕಟ್ಟಿಕೊಂಡು ಬೀಜ ಒಟ್ಟುಗೂಡಿಸಿದಾಗಲೇ ಅದು ಸಾಧ್ಯ.

ಬಾಣಲೆಯ ಎಣ್ಣೆ

ಮರ ಫಲ ಕೊಡುವವರೆಗೆ ಕಾಯಬೇಕಿಲ್ಲದ ಇನ್ನೊಂದು ಮೂಲ ಪಂಚವಟಿಯಲ್ಲಿಯೇ ಇದೆ. ಯಾತ್ರಿಕರಿಗೆ ಊಟ ತಿಂಡಿ ಒದಗಿಸುವ ಉಪಾಹಾರ ಗೃಹಗಳಲ್ಲಿಯೂ, ನಾಸಿಕ್‌ಗೆ ಹೆಸರು ತಂದ ಚಿವಡಾ ತಯಾರಿಸುವ ಅಂಗಡಿಗಳಲ್ಲಿಯೂ ದಿನವೂ ಎಣ್ಣೆ ಕಾಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಸಿಂಹಸ್ಥ ಕುಂಭಮೇಳದ ಕಾಲದಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಆರೋಗ್ಯಕ್ಕೆ ಮಾರಕವಾದ ಅಂಶಗಳು ಸೇರುತ್ತವೆ. ಧ್ರುವೀಯ ಸಂಯುಕ್ತಗಳೆಂಬ ಈ ಅಂಶಗಳು ಶೇ. 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು ಅದೇ ವರ್ಷ ಆಗಸ್ಟ್‌ನಲ್ಲಿ ಇಂತಹ ಎಣ್ಣೆಯನ್ನು ಒಟ್ಟುಗೂಡಿಸಿ ಬಯೋಡೀಸೆಲ್ ಮಾಡುವ ಕಾರ್ಯಕ್ರಮವನ್ನು ಆರಂಭಿಸಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಇಡುವುದು ಕಡ್ಡಾಯ.

ಬಳಸಿದ ಎಣ್ಣೆ ಇಂದು ಚರಂಡಿಗೆ ಹೋದರೆ ನದಿಯನ್ನು ಕೆಡಿಸುತ್ತದೆ. ಬೀದಿಬದಿಯ ಬಾಣಲೆಗೆ ಮರಳಿದರೆ ಬಡವನ ಆರೋಗ್ಯವನ್ನು ಕೆಡಿಸುತ್ತದೆ. ಅದೇ ಎಣ್ಣೆ ಘಟಕಕ್ಕೆ ಸೇರಿದರೆ ಟ್ರ್ಯಾಕ್ಟರನ್ನು ಓಡಿಸುತ್ತದೆ. ಅಂಗಡಿಯವರು ಅದನ್ನು ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು. ರೈತನು ಮಾತ್ರ ಇಂತಹ ಎಣ್ಣೆಯನ್ನು ಡಬ್ಬದಲ್ಲಿ ಕೊಂಡು ನೇರವಾಗಿ ಟ್ಯಾಂಕಿಗೆ ಸುರಿಯಬಾರದು.

ಮುಕ್ತಾಯ

ಬಯೋಡೀಸೆಲ್ ಡೀಸೆಲ್ಲನ್ನು ಸಂಪೂರ್ಣವಾಗಿ ಸ್ಥಳಾಂತರಿಸುವ ಪವಾಡವಲ್ಲ; ಉಪೇಕ್ಷಿಸಬೇಕಾದ ವಸ್ತುವೂ ಅಲ್ಲ. ಸರಿಯಾಗಿ ತಯಾರಾದ ಬಯೋಡೀಸೆಲ್ಲನ್ನು ಯಂತ್ರ ಒಪ್ಪುವಷ್ಟು ಪ್ರಮಾಣದಲ್ಲಿ ಬೆರೆಸಿದರೆ ಎಂಜಿನ್ನಿಗೂ ಗಾಳಿಗೂ ಹಿತ. ಬೀಜದ ಮರವನ್ನು ಬದುವಿನಲ್ಲಿಟ್ಟು ಹೊಲವನ್ನು ಬೆಳೆಗೆ ಉಳಿಸಿಕೊಂಡರೆ ರೈತನಿಗೂ ಹಿತ. ಟ್ಯಾಂಕಿಗೆ ಸುರಿಯುವ ಮೊದಲು ಇಂಧನ ಮಾನಕಕ್ಕೆ ಒಪ್ಪುತ್ತದೆಯೇ ಎಂದು ಕೇಳಬೇಕು. ಹೊಲದಲ್ಲಿ ನೆಡುವ ಮೊದಲು ಬೀಜವನ್ನು ಯಾರು ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ದೊರೆತ ಬಳಿಕವೇ ರೈತನು ಮುಂದುವರಿಯುವುದು ಒಳಿತು. ಪಂಚವಟಿಯ ಸುತ್ತಲಿನ ಬೆಳೆಗಾರರು ನಷ್ಟ ಅನುಭವಿಸಿ ಕಲಿತ ಈ ಪಾಠ ಉಳಿದವರಿಗೆ ನಷ್ಟವಿಲ್ಲದೆಯೇ ದೊರೆಯುವಂತಾಗಲಿ.